ಫ್ರಾನ್ಸಿಯಂ ಲೆಕ್ಕ: 22 ನಿಮಿಷದ ಧಾತುವನ್ನು ತೂಗುವುದು ಹೇಗೆ?

ವಿಕಿರಣಶೀಲತೆಯ ಪಾಠದಲ್ಲಿ ಒಂದು ಮಾತು ಬಂದೇ ಬರುತ್ತದೆ: ಇಡೀ ಭೂಕವಚದಲ್ಲಿ ಯಾವುದೇ ಗಳಿಗೆಯಲ್ಲಿ ಇರುವ ಫ್ರಾನ್ಸಿಯಂ ಎಂಬ ವಿಕಿರಣಶೀಲ ಧಾತು 30 ಗ್ರಾಂ ಆಸುಪಾಸು, ಅಂಥದ್ದೇ ಇನ್ನೊಂದು ಧಾತು ಅಸ್ಟಟೀನ್ ಒಂದು ಗ್ರಾಂಗೂ ಕಡಿಮೆ. ಭೂಮಿಯನ್ನೆಲ್ಲ ಅಗೆದು ತಕ್ಕಡಿಗೆ ಹಾಕಿದವರು ಯಾರೂ ಇಲ್ಲ. ಹಾಗಾದರೆ ಈ ಗ್ರಾಂ ಲೆಕ್ಕ ಎಲ್ಲಿಂದ ಬಂತು? ಅದನ್ನು ಬಿಡಿಸಿಕೊಂಡದ್ದು ಮರೆಯುವ ಮೊದಲೇ ಇಲ್ಲಿ ಬರೆದಿಡುತ್ತಿದ್ದೇನೆ. ಬೇಕಾಗುವ ಪದಗಳು ಮೂರೇ: ಇರುವ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಸಮಯ ಅರ್ಧಾಯು; ಪರಮಾಣು ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಇರುವ ಕಣವನ್ನು ಹೊರಹಾಕಿ ಬೇರೆ ಧಾತುವಾಗುವುದು ಆಲ್ಫಾ ಕ್ಷಯ, ಎಲೆಕ್ಟ್ರಾನ್ ಹೊರಹಾಕಿ ಬೇರೆ ಧಾತುವಾಗುವುದು ಬೀಟಾ ಕ್ಷಯ.

ಸಿಕ್ಕಿದ್ದು ಹೇಗೆ

1939ರಲ್ಲಿ ಪ್ಯಾರಿಸ್‌ನಲ್ಲಿ ಮಾರ್ಗರೀಟ್ ಪೆರೆ ಆಕ್ಟಿನಿಯಂ ಅನ್ನು ಬಹಳ ಶುದ್ಧಮಾಡಿ, ತಡಮಾಡದೆ ಅದರ ವಿಕಿರಣ ಅಳೆದರು. ಸುಮಾರು 22 ನಿಮಿಷ ಅರ್ಧಾಯುವಿನ ಹೊಸ ಬೀಟಾ ವಿಕಿರಣವೊಂದು ಅದರಲ್ಲಿ ಬೆಳೆಯುತ್ತಾ ಬಂತು. ರಾಸಾಯನಿಕವಾಗಿ ಬೇರ್ಪಡಿಸಿದಾಗ ಅದು ಸೀಸಿಯಂ ಲವಣದ ಜೊತೆಗೇ ಹೋಯಿತು. ಅಂದರೆ ಆವರ್ತ ಕೋಷ್ಟಕದಲ್ಲಿ ಸೀಸಿಯಂ ಕೆಳಗಿನ ಖಾಲಿ ಮನೆ, 87ನೇ ಧಾತು, ಫ್ರಾನ್ಸಿಯಂ. ಮೇರಿ ಕ್ಯೂರಿಯವರ ಸಹಾಯಕಿಯಾಗಿ ಕೆಲಸ ಶುರುಮಾಡಿದ್ದ ಪೆರೆ, ಕ್ಯೂರಿಯವರಿಗೇ ಬಾಗಿಲು ತೆರೆಯದ ಫ್ರೆಂಚ್ ವಿಜ್ಞಾನ ಅಕಾಡೆಮಿಗೆ 1962ರಲ್ಲಿ ಆಯ್ಕೆಯಾದ ಮೊದಲ ಮಹಿಳೆ. ಈ ಹೆಸರು ನಮ್ಮ ಪಠ್ಯಗಳಲ್ಲಿ ಇನ್ನೂ ದೊಡ್ಡ ಅಕ್ಷರದಲ್ಲಿ ಇರಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ತಲೆ ತಿನ್ನುವ ಹೆಜ್ಜೆ

ಒಂದು ಧಾತು ಕ್ಷಯಿಸಿ ಇನ್ನೊಂದಾಗುತ್ತಾ ಹೋಗುವ ಸರಣಿ ಹೀಗಿದೆ (ಹೆಸರಿನ ಮುಂದಿನ ಅಂಕಿ ಪರಮಾಣು ತೂಕ): ಯುರೇನಿಯಂ-235 ಕ್ಷಯಿಸಿ ಥೋರಿಯಂ-231, ಅದು ಪ್ರೊಟಾಕ್ಟಿನಿಯಂ-231, ಅದು ಆಕ್ಟಿನಿಯಂ-227. ಇಲ್ಲಿ ದಾರಿ ಕವಲೊಡೆಯುತ್ತದೆ. 100 ಆಕ್ಟಿನಿಯಂ ಪರಮಾಣುಗಳಲ್ಲಿ 98.62 ಬೀಟಾ ದಾರಿ ಹಿಡಿದು ಥೋರಿಯಂ-227 ಆಗುತ್ತವೆ. ಉಳಿದ 1.38 ಮಾತ್ರ ಆಲ್ಫಾ ಹೊರಹಾಕಿ ಫ್ರಾನ್ಸಿಯಂ-223 ಆಗುತ್ತವೆ.

ಅರ್ಧಾಯುಗಳನ್ನು ನೋಡಿ: ಯುರೇನಿಯಂ-235ಕ್ಕೆ 70.4 ಕೋಟಿ ವರ್ಷ, ಪ್ರೊಟಾಕ್ಟಿನಿಯಂಗೆ ಸುಮಾರು 32,800 ವರ್ಷ, ಆಕ್ಟಿನಿಯಂಗೆ 21.8 ವರ್ಷ, ಫ್ರಾನ್ಸಿಯಂಗೆ 22 ನಿಮಿಷ. ಫ್ರಾನ್ಸಿಯಂ ಹುಟ್ಟುವುದು ಆಕ್ಟಿನಿಯಂನಿಂದ. ಆದರೆ ಪುಸ್ತಕದ ಲೆಕ್ಕದಲ್ಲಿ ನೇರವಾಗಿ ಯುರೇನಿಯಂ ಅರ್ಧಾಯುವನ್ನೇ ಹಾಕಿರುತ್ತಾರೆ. ನಡುವಿನ 21.8 ವರ್ಷ, 32,800 ವರ್ಷ ಎಲ್ಲಿ ಹೋದವು? ಗಂಟು ಇರುವುದು ಇಲ್ಲೇ, ಅದಕ್ಕೆ ಇದನ್ನು ನಿಧಾನವಾಗಿ ಬರೆಯುತ್ತೇನೆ.

ತೀರ್ಥಹಳ್ಳಿ ಕಡೆಯ ಮನೆಗಳಿಗೆ ಗುಡ್ಡದ ಅಬ್ಬಿಯಿಂದ ಅಡಿಕೆ ದಬ್ಬೆಯಲ್ಲಿ ನೀರು ಬರುವುದನ್ನು ನೋಡಿರುತ್ತೀರಿ. ಆ ನೀರು ಮೂರು ತೊಟ್ಟಿಗಳ ಮೂಲಕ, ಒಂದರಿಂದ ಇನ್ನೊಂದಕ್ಕೆ ಇಳಿಯುತ್ತದೆ ಎಂದುಕೊಳ್ಳಿ. ಪ್ರತಿ ತೊಟ್ಟಿಯ ತಳದಲ್ಲೂ ಒಂದು ತೂತು. ಮೊದಲ ತೊಟ್ಟಿಯ ತೂತು ಸಣ್ಣದು, ಕೊನೆಯದರ ತೂತು ದೊಡ್ಡದು. ತೂತು ಸಣ್ಣದಿದ್ದರೆ ನೀರು ಏರುತ್ತದೆ. ಏರಿದಷ್ಟೂ ಒತ್ತಡ ಹೆಚ್ಚಿ ಹೊರಗೆ ಹರಿಯುವುದೂ ಹೆಚ್ಚುತ್ತದೆ. ಒಳಗೆ ಬರುವಷ್ಟೇ ಹೊರಗೆ ಹೋಗತೊಡಗಿದ ಮೇಲೆ ಮಟ್ಟ ನಿಂತಲ್ಲೇ ನಿಲ್ಲುತ್ತದೆ. ಆಮೇಲೆ ಯಾವ ತೊಟ್ಟಿಯ ಬಳಿ ನಿಂತು ಚೊಂಬು ಹಿಡಿದರೂ ನಿಮಿಷಕ್ಕೆ ಸಿಗುವ ನೀರು ಅಷ್ಟೇ, ಅಬ್ಬಿಯಿಂದ ಬಂದಷ್ಟೇ. ಮಟ್ಟ ಮಾತ್ರ ಬೇರೆ ಬೇರೆ: ಸಣ್ಣ ತೂತಿನದು ಕಂಠಮಟ್ಟ, ದೊಡ್ಡ ತೂತಿನದು ತಳ ನೆನೆಯುವಷ್ಟು.

ಅಬ್ಬಿ ಅಂದರೆ ಯುರೇನಿಯಂ-235ರ ಕ್ಷಯ, ಮಟ್ಟ ಅಂದರೆ ಪರಮಾಣುಗಳ ಸಂಖ್ಯೆ. ಅರ್ಧಾಯು ತೂತಿನ ಗಾತ್ರ ಹೇಳುತ್ತದೆ: ಅರ್ಧಾಯು ದೀರ್ಘವಾದಷ್ಟೂ ತೂತು ಸಣ್ಣದು. ದೀರ್ಘ ಅರ್ಧಾಯುವಿನ ಪ್ರೊಟಾಕ್ಟಿನಿಯಂ ತುಂಬಿದ ತೊಟ್ಟಿ, 22 ನಿಮಿಷದ ಫ್ರಾನ್ಸಿಯಂ ತಳ ನೆನೆದ ತೊಟ್ಟಿ. ಕೊನೆಯ ತೊಟ್ಟಿಯ ಮಟ್ಟ ತಿಳಿಯಲು ಎರಡೇ ಸಂಗತಿ ಬೇಕು: ಅಬ್ಬಿಯ ಹರಿವು, ಆ ತೊಟ್ಟಿಯ ತೂತು. ನಡುವಿನ ತೊಟ್ಟಿಗಳು ಎಷ್ಟು ತುಂಬಿವೆ ಎನ್ನುವುದು ಉತ್ತರವನ್ನು ಬದಲಿಸುವುದಿಲ್ಲ. ನಡುವಿನ ಅರ್ಧಾಯುಗಳು ಲೆಕ್ಕದಿಂದ ಬಿದ್ದುಹೋಗುವುದು ಇದಕ್ಕೇ. 1.38ರ ಕವಲು ಎಂದರೆ ಆಕ್ಟಿನಿಯಂ ತೊಟ್ಟಿಯಿಂದ ಪಕ್ಕಕ್ಕೆ ತೆಗೆದ ಸಣ್ಣ ತೂಬು. ಅದನ್ನು ಒಮ್ಮೆ ಮಾತ್ರ ಗುಣಿಸಬೇಕು.

ಈಗ ಸಂಖ್ಯೆ ಹಾಕೋಣ. ಹರಿವು ಒಂದೇ ಆಗಿರುವುದರಿಂದ ಪರಮಾಣುಗಳ ಸಂಖ್ಯೆ ಅರ್ಧಾಯುವಿನ ಪ್ರಮಾಣದಲ್ಲೇ ಇರುತ್ತದೆ. 70.4 ಕೋಟಿ ವರ್ಷವನ್ನು ನಿಮಿಷಕ್ಕೆ ತಂದರೆ 3.7×10¹⁴. ಅದನ್ನು 22ರಿಂದ ಭಾಗಿಸಿದರೆ 1.7×10¹³. ಎಲ್ಲ ಆಕ್ಟಿನಿಯಂ ಫ್ರಾನ್ಸಿಯಂ ಆಗುವುದಾದರೆ ಇಷ್ಟು ಯುರೇನಿಯಂ-235 ಪರಮಾಣುಗಳಿಗೆ ಒಂದು ಫ್ರಾನ್ಸಿಯಂ ಇರುತ್ತಿತ್ತು. 1.38 ಪಾಲು ಮಾತ್ರ ಆಗುವುದರಿಂದ 0.0138ರಿಂದ ಮತ್ತೆ ಭಾಗಿಸಿ: 1.2×10¹⁵ಕ್ಕೆ ಒಂದು. ಇಡೀ ಲೆಕ್ಕದಲ್ಲಿ ಗಟ್ಟಿಯಾದ ಸಂಖ್ಯೆ ಇದು. ಇದರೊಳಗೆ ಇರುವುದೆಲ್ಲ ಪ್ರಯೋಗಾಲಯದಲ್ಲಿ ಅಳೆದದ್ದು, ಊಹೆ ಇಲ್ಲ.

ಗ್ರಾಂಗೆ ಬಂದಾಗ

ಊಹೆ ಶುರುವಾಗುವುದು ಇಲ್ಲಿ. ಭೂಖಂಡಗಳ ಕವಚದ ದ್ರವ್ಯರಾಶಿ ಸುಮಾರು 2×10²² ಕಿಲೋ, ಅದರಲ್ಲಿ ಟನ್ನಿಗೆ ಸರಾಸರಿ 1.3 ಗ್ರಾಂ ಯುರೇನಿಯಂ ಎಂದು ಹಿಡಿದರೆ ಒಟ್ಟು ಯುರೇನಿಯಂ 2.6×10¹⁶ ಕಿಲೋ. ಅದರಲ್ಲಿ ಯುರೇನಿಯಂ-235ರ ಪಾಲು ಶೇ 0.72, ಅಂದರೆ 1.9×10¹⁴ ಕಿಲೋ. 1.2×10¹⁵ರಿಂದ ಭಾಗಿಸಿ, ಪರಮಾಣು ತೂಕದ ವ್ಯತ್ಯಾಸಕ್ಕೆ 223/235ರಿಂದ ಗುಣಿಸಿದರೆ ಉತ್ತರ ಸುಮಾರು 150 ಗ್ರಾಂ.

ಪುಸ್ತಕ 30 ಅನ್ನುತ್ತದೆ, ನಮಗೆ 150 ಬಂತು. ಗಾಬರಿ ಬೇಡ. ಕವಚವನ್ನು ಎಷ್ಟು ಆಳದವರೆಗೆ ಎಣಿಸುತ್ತೀರಿ, ಯುರೇನಿಯಂ ಸರಾಸರಿ ಎಷ್ಟು ಹಿಡಿಯುತ್ತೀರಿ ಎನ್ನುವುದರ ಮೇಲೆ ಉತ್ತರ ಹಿಗ್ಗುತ್ತದೆ, ಕುಗ್ಗುತ್ತದೆ. ಮೇಲ್ಭಾಗದ ಕವಚದಲ್ಲಿ ಟನ್ನಿಗೆ ಸುಮಾರು 2.7 ಗ್ರಾಂ ಇದ್ದರೆ ಆಳದಲ್ಲಿ ಅದು ತೀರಾ ಕಡಿಮೆ. ಮೇಲಿನ ಸಂಖ್ಯೆಯನ್ನೇ ಇಡೀ ಕವಚಕ್ಕೆ ಹಚ್ಚಿದರೆ ನಮ್ಮ 150 ತಕ್ಷಣ 300 ದಾಟುತ್ತದೆ. ಪರೀಕ್ಷೆಯಲ್ಲಿ ಗ್ರಾಂ ಬರೆಯುವಾಗ ಯಾವ ಸರಾಸರಿ ಹಿಡಿದಿರಿ ಎಂದು ಒಂದು ಸಾಲು ಬರೆದೇ ಬಿಡಿ. ಆಳದ ಯುರೇನಿಯಂ ಬಗ್ಗೆ ಸುಳಿವು ಕೊಡುವ ಇನ್ನೊಂದು ದಾರಿ ಭೂಮಿಯ ಒಳಗಿಂದ ಬರುವ ನ್ಯೂಟ್ರಿನೋಗಳು, ಅಂದರೆ ಬೀಟಾ ಕ್ಷಯದಲ್ಲಿ ಹುಟ್ಟುವ ಅತಿ ಸೂಕ್ಷ್ಮ ಕಣಗಳು. ಜಪಾನಿನ ಕಾಮ್‌ಲ್ಯಾಂಡ್ ಪ್ರಯೋಗ 2005ರಲ್ಲಿ ಅವುಗಳ ಮೊದಲ ಗುರುತು ಕೊಟ್ಟಿತು.

ಇದೇ ಲೆಕ್ಕವನ್ನು ಕೈಗೆಟಕುವ ಗಾತ್ರಕ್ಕೆ ಇಳಿಸಿದರೆ ನನಗೆ ತುಂಬಾ ಇಷ್ಟ. ಟನ್ನಿಗೆ 1.3 ಗ್ರಾಂ ಯುರೇನಿಯಂ ಇರುವ ಬಂಡೆಯ ಒಂದು ಕಿಲೋದಲ್ಲಿ ಯಾವುದೇ ಗಳಿಗೆಯಲ್ಲಿ ಇರುವ ಫ್ರಾನ್ಸಿಯಂ ಪರಮಾಣುಗಳು ಸುಮಾರು 20. ಅಡುಗೆಮನೆಯ 30 ಕಿಲೋದ ಒರಳುಕಲ್ಲು ಅಂಥ ಬಂಡೆಯದಾಗಿದ್ದರೆ ಅದರಲ್ಲಿ 600. 22 ನಿಮಿಷದಲ್ಲಿ ಅವುಗಳಲ್ಲಿ ಅರ್ಧದಷ್ಟು ಹೋಗುತ್ತವೆ, ಅಷ್ಟೇ ಹೊಸವು ಹುಟ್ಟುತ್ತವೆ. ಇನ್ನೊಂದು ವಿಷಯ: ನಮ್ಮ ಮಲೆನಾಡಿನ ತಳದ ನೈಸ್ ಶಿಲೆಗಳಲ್ಲಿ ಕೆಲವು 300 ಕೋಟಿ ವರ್ಷ ಹಳೆಯವು. ಆಗ ಯುರೇನಿಯಂ-235 ಈಗಿನ ಸುಮಾರು 19 ಪಟ್ಟು ಇತ್ತು. ಫ್ರಾನ್ಸಿಯಂ ಕೂಡ ಅಷ್ಟೇ ಪಟ್ಟು.

ಒಂದು ಎಚ್ಚರ. ತೊಟ್ಟಿಗಳ ನಡುವೆ ಸೋರಿಕೆ ಇರಬಾರದು. ಮಳೆಗೆ ಸಿಕ್ಕಿ ಕೊಳೆತ ಬಂಡೆಯಲ್ಲಿ ನೀರು ಯುರೇನಿಯಂ ಅನ್ನು ಕರಗಿಸಿ ಒಯ್ಯುತ್ತದೆ, ಥೋರಿಯಂ ಮಾತ್ರ ಉಳಿಯುತ್ತದೆ. ಆಗುಂಬೆ ಸುತ್ತಿನ ಜಂಬಿಟ್ಟಿಗೆ ಕಲ್ಲಿಗೆ ಈ ಸೂತ್ರ ಹಚ್ಚಬೇಡಿ, ಒಡೆಯದ ಗಟ್ಟಿ ಕಲ್ಲಿಗೇ ಹಚ್ಚಿ. ಸರಣಿಯಲ್ಲಿ ಪ್ರೊಟಾಕ್ಟಿನಿಯಂ ಇರುವುದರಿಂದ ಒಮ್ಮೆ ಕದಡಿದ ಸಮತೋಲ ಮತ್ತೆ ಕೂಡಲು ಲಕ್ಷಾಂತರ ವರ್ಷ ಬೇಕು.

ಅಸ್ಟಟೀನ್, ಚುಟುಕಾಗಿ

1940ರಲ್ಲಿ ಬರ್ಕ್ಲಿಯಲ್ಲಿ ಕಾರ್ಸನ್, ಮೆಕೆಂಜಿ, ಸೆಗ್ರೆ ಇದನ್ನು ಕೃತಕವಾಗಿ ತಯಾರಿಸಿದರು. 1943ರಲ್ಲಿ ವಿಯೆನ್ನಾದ ಬೆರ್ಟಾ ಕಾರ್ಲಿಕ್ ಮತ್ತು ಟ್ರೌಡೆ ಬೆರ್ನರ್ಟ್ ನಿಸರ್ಗದಲ್ಲೇ ಇದೆ ಎಂದು ತೋರಿಸಿದರು. ಲೆಕ್ಕ ಅದೇ: ಯುರೇನಿಯಂ-238 ಸರಣಿಯ ಪೊಲೋನಿಯಂ-218ರಲ್ಲಿ ಶೇ 0.02 ಮಾತ್ರ ಅಸ್ಟಟೀನ್-218 ಆಗುತ್ತದೆ, ಅರ್ಧಾಯು ಸುಮಾರು ಒಂದೂವರೆ ಸೆಕೆಂಡು. ಯುರೇನಿಯಂ-238ರ 447 ಕೋಟಿ ವರ್ಷವನ್ನು ಸೆಕೆಂಡಿಗೆ ತಂದು ಮಾಡಿ ನೋಡಿ, ಮೇಲಿನದೇ ಯುರೇನಿಯಂ ಮೊತ್ತಕ್ಕೆ 50 ಮಿಲಿಗ್ರಾಂ ಆಸುಪಾಸು ಬರಬೇಕು. ಆದರೆ ಈ ಸರಣಿಯಲ್ಲಿ ಪೊಲೋನಿಯಂಗಿಂತ ಮೊದಲು ರೇಡಾನ್-222 ಎಂಬ ಅನಿಲ ಬರುತ್ತದೆ. ಅದು ಬಿರುಕುಗಳಿಂದ ಹೊರಗೆ ಹೋದಷ್ಟೂ ಆ ಬಂಡೆಯಲ್ಲಿ ಅಸ್ಟಟೀನ್ ಕಡಿಮೆ. ಫ್ರಾನ್ಸಿಯಂಗೆ ಈ ತೊಂದರೆ ಇಲ್ಲ, ತನ್ನ ಸರಣಿಯಲ್ಲಿ ಅದು ರೇಡಾನ್‌ಗಿಂತ ಮೊದಲೇ ಬರುತ್ತದೆ.

ಹೀಗೆಯೇ ಅಪರೂಪದ ಇನ್ನೊಂದು ವಿಕಿರಣಶೀಲ ಧಾತು ಪ್ರೊಮೆಥಿಯಂ ಮಾತ್ರ ಈ ಸರಣಿಗಳಲ್ಲಿ ಇಲ್ಲ. ಅದು ಯುರೇನಿಯಂ-238ರ ತಾನೇತಾನಾದ ವಿದಳನದಿಂದಲೂ (ಪರಮಾಣು ಒಡೆದು ಹೋಳಾಗುವುದರಿಂದ) ಯುರೋಪಿಯಂ-151ರ ಆಲ್ಫಾ ಕ್ಷಯದಿಂದಲೂ ಹುಟ್ಟುತ್ತದೆ. ಅಲ್ಲಿ ಎರಡೂ ಹರಿವುಗಳನ್ನು ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಿದ ಮೇಲೆಯೇ ಅರ್ಧಾಯುವಿಗೆ ಕೈಹಾಕಬೇಕು.