ಬರೆ ಕಡೆಯ ಗೋಡೆಗೆ ಪೇಂಟ್ ಹೊಡೆಸುವ ಮುನ್ನ

ಹಳೇ ಮನೆಯ ಒಳಗೋಡೆಗೆ ಪೇಂಟ್ ಮಾಡಬೇಕೆಂದು ಯಾರಾದರೂ ಕರೆದರೆ ನಾನು ಮೊದಲು ಮನೆಯ ಹೊರಗೆ ಒಂದು ಸುತ್ತು ಬರುತ್ತೇನೆ. ಕೊಡಗಿನಲ್ಲಿ ಎಷ್ಟೋ ಮನೆಗಳು ಇಳಿಜಾರು ಕಡಿದು ಕಟ್ಟಿದವು. ಹಿಂದಿನ ಬರೆಯ, ಅಂದರೆ ಕಡಿದು ನಿಲ್ಲಿಸಿದ ಗುಡ್ಡದ ಬದಿಯ, ಮಣ್ಣು ಮಳೆಗೆ ಇಳಿದಿಳಿದು ಗೋಡೆಗೆ ಒರಗಿ, ಒಳಗಿನ ನೆಲಕ್ಕಿಂತ ಮೇಲೆ ಬಂದು ನಿಂತಿರುತ್ತದೆ. ಕಾಫಿ ಕಣಕ್ಕೆ ಸಿಮೆಂಟ್ ಹಾಕಿಸುವಾಗ ಗೋಡೆಯ ಬುಡದವರೆಗೂ ಎಳೆಸಿರುತ್ತಾರೆ; ಇಳಿಜಾರು ಕೊಟ್ಟಿರುವುದು ಮನೆ ಕಡೆಗೆ! ಆ ಮಣ್ಣು ತೆಗೆಸಿ, ಚರಂಡಿ ಬಿಡಿಸದೆ ಒಳಗೆ ಎಂಥ ದುಬಾರಿ ಪೇಂಟ್ ಹೊಡೆದರೂ ಜಡಿಮಳೆಯ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಗುಳ್ಳೆ ಏಳುತ್ತದೆ.

ಆಮೇಲೆ ಒಳಗೆ. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಅಂಕುಡೊಂಕಾದ ಗೆರೆ, ಅದರ ಅಂಚಿಗೆ ಬಿಳಿ ಉಪ್ಪು ಇದ್ದರೆ ತೇವ ಬುಡದಿಂದ ಹತ್ತಿದೆ. ಮಾಡಿನ ಕೆಳಗೆ ಕಂದು ಕಲೆ ಇದ್ದರೆ ಹಂಚು ಒಡೆದಿದೆ, ಇಲ್ಲವೇ ಮಾಡಿನ ನೀರು ಹರಿಸುವ ದಂಬೆ ಸೋರುತ್ತಿದೆ. ಬೀರು ಸರಿಸಿದಾಗ ಅದರ ಹಿಂದೆ ಮಾತ್ರ ಕಪ್ಪು ಬೂಷ್ಟು ಕಂಡರೆ ಅಲ್ಲಿ ಗಾಳಿ ಆಡುತ್ತಿಲ್ಲ. ಅನುಮಾನವಿದ್ದರೆ ಅಡಿಯಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕೂತರೆ ನೀರು ಗೋಡೆಯಿಂದ ಬರುತ್ತಿದೆ, ಹೊರಬದಿಯಲ್ಲಿ ಕೂತರೆ ಕೋಣೆಯ ಗಾಳಿಯಿಂದ.

ಉಪ್ಪನ್ನೂ ಬೂಷ್ಟನ್ನೂ ಒಂದೇ ಬ್ರಷ್‌ನಲ್ಲಿ ಉಜ್ಜುವವರಿದ್ದಾರೆ. ಉಪ್ಪನ್ನು ಒಣ ಬ್ರಷ್‌ನಿಂದಲೇ ಉದುರಿಸಿ ಮೊರದಲ್ಲಿ ಹಿಡಿದು ಹೊರಗೆ ಚೆಲ್ಲಬೇಕು. ನೀರು ಹಾಕಿದರೆ ಕರಗಿ ಮತ್ತೆ ಗೋಡೆಯೊಳಗೆ ಇಳಿಯುತ್ತದೆ. ಬೂಷ್ಟಿಗೆ ಇದು ತಿರುಗುಮುರುಗು. ಒಣಗಿದ್ದಾಗ ಉಜ್ಜಿದರೆ ಮನೆಯೆಲ್ಲ ಹಾರುತ್ತದೆ. ಅಂಗಡಿಯ ದ್ರವ ಬ್ಲೀಚ್ ಒಂದು ಪಾಲಿಗೆ ಮೂರು ಪಾಲು ನೀರು ಸೇರಿಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಒರೆಸಿ ತೊಳೆಯಿರಿ. ಕಿಟಕಿ ತೆಗೆದಿರಲಿ, ಕೈಗವಸು ಇರಲಿ, ಬ್ಲೀಚ್ ಜೊತೆ ಆ್ಯಸಿಡ್ ಯಾವತ್ತೂ ಬೆರೆಸಬೇಡಿ. ಹಳೇ ಎನಾಮಲ್ (ಆಯಿಲ್ ಪೇಂಟ್) ಇರುವ ಕಡೆ ಒಣ ಸ್ಯಾಂಡ್ ಪೇಪರ್ ಬೇಡ: ಪೇಂಟಿನಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪೇಂಟನ್ನು ಒದ್ದೆ ಮಾಡಿಯೇ ಉಜ್ಜಬೇಕು, ಮಕ್ಕಳನ್ನು ದೂರವಿಡಬೇಕು.

ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲೆಲ್ಲ ಗಾರೆ ಬಿಟ್ಟುಕೊಂಡಿದೆ, ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಅದನ್ನು ಕೆತ್ತಿ ತೆಗೆಯಿರಿ. ಅಲ್ಲಿಗೆ ಸಿಮೆಂಟ್ ಮೆತ್ತಿಸುವುದೇ ನಾನು ನೋಡಿರುವ ದೊಡ್ಡ ಅವಾಂತರ. ಮಣ್ಣಿನ ಗೋಡೆಗೆ ಮೂರಡಿ ಸಿಮೆಂಟ್ ಹಾಕಿದರೆ ಕೆಳಗೆ ಆರಲು ದಾರಿಯಿಲ್ಲದ ತೇವ ನಾಲ್ಕನೇ ಅಡಿಯಲ್ಲಿ ಹೊರಬೀಳುತ್ತದೆ. ಒಳಗಿನಿಂದ ವಾಟರ್‌ಪ್ರೂಫ್ ಕೋಟಿಂಗ್ ಬಳಿದರೂ ಇದೇ ಕಥೆ. ಮಣ್ಣಿನ ಗೋಡೆಗೆ ಸುಣ್ಣದ ಗಾರೆಯೇ ಸರಿ.

ಒದ್ದೆ ಗೋಡೆ ಒಂದಿಂಚು ಒಣಗಲು ಒಂದು ತಿಂಗಳು ಎಂಬುದು ಕಸುಬಿನವರ ಅಂದಾಜು. ಒಂದೂವರೆ ಅಡಿ ದಪ್ಪದ ಗೋಡೆ ಎರಡೂ ಕಡೆಯಿಂದ ಆರಿದರೂ ಒಂಬತ್ತು ತಿಂಗಳು ಬೇಕು. ಅಷ್ಟರಲ್ಲಿ ಮತ್ತೊಂದು ಮಳೆಗಾಲ ಬಂದಿರುತ್ತದೆ. ಹಾಗಾಗಿ ಮಡಿಕೇರಿ, ಭಾಗಮಂಡಲದ ಕಡೆ ಗೋಡೆ ಪೂರ್ತಿ ಒಣಗಲೆಂದು ಕಾಯುವುದು ವ್ಯರ್ಥ. ಒಳಗಿನ ತೇವ ಆವಿಯಾಗಿ ಹೊರಹೋಗಲು ಬಿಡುವ ಸುಣ್ಣವನ್ನು ಹಾಲಿನಷ್ಟು ತೆಳ್ಳಗೆ ಕಲಸಿ, ಒಂದು ಕೈ ಒಣಗಿದ ಮೇಲೆ ಇನ್ನೊಂದರಂತೆ ಮೂರು ನಾಲ್ಕು ಕೈ ಹೊಡೆಸಿ. ಮುಟ್ಟಿದರೆ ಬಟ್ಟೆಗೆ ಹತ್ತುತ್ತದೆ ಎಂಬ ದೂರು ನಿಜವೇ, ಆದರೆ ಚಕ್ಕೆ ಏಳುವುದಿಲ್ಲ. ಎಮಲ್ಷನ್ನೇ (ಪ್ಲಾಸ್ಟಿಕ್ ಪೇಂಟ್) ಬೇಕೆನ್ನುವವರು ಇಟ್ಟಿಗೆ ಗೋಡೆಗೆ ಮಾತ್ರ ಹಚ್ಚಿಸಲಿ, ಅದಕ್ಕೂ ಹೊಸ ಪ್ಲಾಸ್ಟರ್ ಆಗಿ 28 ದಿನವಾದರೂ ಕಳೆದಿರಬೇಕು. ಪುಟ್ಟಿ ವೈಟ್ ಸಿಮೆಂಟಿನದ್ದಾಗಲಿ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತೇವಕ್ಕೆ ಮೆತ್ತಗಾಗುತ್ತದೆ.

ನವೆಂಬರ್-ಡಿಸೆಂಬರ್ ಹೊತ್ತಿನ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲೆ ಕೆರೆಯುವ ಕೆಲಸ ಹಿಡಿದರೆ ಫೆಬ್ರವರಿಯಲ್ಲಿ ಬಣ್ಣಕ್ಕೆ ಕೈ ಹಾಕಬಹುದು. ಕಾಫಿ ಕೊಯ್ಲಿನ ಹೊತ್ತಿಗೆ ಆಳು ಸಿಗುವುದು ಕಷ್ಟ, ಗೊತ್ತು. ಹಾಗೆಂದು ಮೇ ತಿಂಗಳ ಮದುವೆಗೆ ಏಪ್ರಿಲ್ ಕೊನೆಯಲ್ಲಿ ಕರೆದರೆ ನಾನು ಒಪ್ಪುವುದಿಲ್ಲ. ಬಣ್ಣ ಆದ ಮೇಲೆ ಬೀರುವನ್ನೂ ಕಾಫಿ ಮೂಟೆಗಳನ್ನೂ ಗೋಡೆಗೆ ಒತ್ತಿ ಇಡದೆ ನಾಲ್ಕು ಬೆರಳಗಲ ಜಾಗ ಬಿಡಿ.