ಇನ್ನೂ ಕಟ್ಟದ ಹಡಗಿನ ತೂಕವೆಷ್ಟು?

ಯುದ್ಧನೌಕೆಯ ವಿನ್ಯಾಸಕ್ಕೆ ಕೂತವರಿಗೆ ಮೊದಲು ಬೇಕಾಗುವ ಅಂಕಿಗಳಲ್ಲಿ ಅದರ ತೂಕವೂ ಒಂದು. ಸರಿಯಾದ ಉತ್ತರ ಆಗ ಯಾರ ಬಳಿಯೂ ಇರುವುದಿಲ್ಲ. ಉತ್ತರವಿಲ್ಲದೆ ಕೆಲಸ ಮುಂದಕ್ಕೂ ಹೋಗದು. ತೇಲುವ ಹಡಗು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸಬೇಕು, ಅದಕ್ಕೆ ತಕ್ಕಷ್ಟು ಒಡಲು ಬೇಕು. ಒಡಲು ಹಿಗ್ಗಿದರೆ ಉಕ್ಕು ಜಾಸ್ತಿ, ಉಕ್ಕು ಜಾಸ್ತಿಯಾದರೆ ಅದೇ ವೇಗಕ್ಕೆ ದೊಡ್ಡ ಎಂಜಿನ್, ಆ ಎಂಜಿನ್ನಿಗೆ ಇನ್ನಷ್ಟು ಇಂಧನ, ಇಷ್ಟನ್ನೂ ಹೊರಲು ಮತ್ತೆ ದೊಡ್ಡ ಒಡಲು. ಅಂಕಿಗಳು ಒಂದಕ್ಕೊಂದು ಹೊಂದುವವರೆಗೆ ಈ ಲೆಕ್ಕವನ್ನು ಸುತ್ತಿಸುತ್ತಲೇ ಇರಬೇಕು.

ಮೊದಲ ಸುತ್ತಿಗೆ ಆಧಾರ ಹಳೆಯ ಹಡಗುಗಳು. ಅದೇ ಬಗೆಯ ನೌಕೆಯೊಂದರ ಒಡಲು, ಎಂಜಿನ್, ವಿದ್ಯುತ್ ವ್ಯವಸ್ಥೆ, ಶಸ್ತ್ರಗಳ ತೂಕವನ್ನು ಬೇರೆಬೇರೆಯಾಗಿ ತೆಗೆದುಕೊಂಡು ಹೊಸದರ ಅಳತೆಗೆ ಹೊಂದಿಸುತ್ತಾರೆ. ಉದ್ದ 120 ಮೀಟರ್, ಅಗಲ 15, ನೀರಿನೊಳಗಿನ ಆಳ 5 ಎಂದಿಟ್ಟುಕೊಳ್ಳಿ. ಅದು 9,000 ಘನ ಮೀಟರಿನ ಪೆಟ್ಟಿಗೆ. ಚೂಪು ಮೂತಿಯ ಯುದ್ಧನೌಕೆ ಅದರಲ್ಲಿ ಸುಮಾರು ಅರ್ಧವನ್ನಷ್ಟೇ ತುಂಬುತ್ತದೆ: 4,500. ಸಮುದ್ರದ ನೀರು ಘನ ಮೀಟರಿಗೆ 1.025 ಟನ್ ತೂಗುವುದರಿಂದ, ಹಡಗು, ಇಂಧನ, ಜನ, ಮದ್ದುಗುಂಡು ಎಲ್ಲ ಸೇರಿ ಸುಮಾರು 4,600 ಟನ್ನಿನೊಳಗೆ ಇರಬೇಕು.

ಅಂದಾಜು ಎಂದ ಮೇಲೆ ಅತ್ತಲೋ ಇತ್ತಲೋ ತಪ್ಪಬೇಕಲ್ಲವೇ? ಇಲ್ಲಿ ಬಹುಪಾಲು ತಪ್ಪುವುದು ಒಂದೇ ಕಡೆಗೆ. ಲೆಕ್ಕಕ್ಕೆ ಸೇರಿಸಲು ಮರೆತದ್ದಕ್ಕೆಲ್ಲ ತೂಕವಿರುತ್ತದೆ: ಬಣ್ಣ, ಬೆಸುಗೆ, ಕೇಬಲ್ ಹಿಡಿದಿಡುವ ಪಟ್ಟಿ, ಪೈಪಿನೊಳಗೆ ನಿಂತ ನೀರು. 10 ಮಿ.ಮೀ. ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 78.5 ಕಿಲೋ ತೂಗುತ್ತದೆ. ಕಾರ್ಖಾನೆಯಿಂದ ಅದು 0.3 ಮಿ.ಮೀ. ಹೆಚ್ಚು ದಪ್ಪಗೆ ಬಂದರೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಆದರೆ 10,000 ಚದರ ಮೀಟರ್ ಬಳಸಿದರೆ ಸುಮಾರು 23.5 ಟನ್ ಹೆಚ್ಚುವರಿ!

1870ರಲ್ಲಿ ಬ್ರಿಟನ್ನಿನ ನೌಕಾಪಡೆ ಸೇರಿದ ‘ಕ್ಯಾಪ್ಟನ್’ ಹೀಗೆಯೇ ತೂಕ ಮೀರಿದ ಹಡಗು. ತಿರುಗುವ ಫಿರಂಗಿ ಗೋಪುರಗಳ ಬಗ್ಗೆ ಪಟ್ಟು ಹಿಡಿದಿದ್ದ ಕೌಪರ್ ಕೋಲ್ಸ್ ಎಂಬ ಅಧಿಕಾರಿಯ ಹಟದ ಕೂಸು ಅದು. ಡೆಕ್ ನೀರಿಗಿಂತ 8 ಅಡಿ ಮೇಲಿರಬೇಕಿತ್ತು. ಕಟ್ಟುವಾಗ ಒಳಗೆ ಹೋಗುತ್ತಿದ್ದ ತೂಕದ ಮೇಲೆ ಬಿಗಿ ನಿಗಾ ಇರಲಿಲ್ಲ. ತೂಕ ಅಂದುಕೊಂಡದ್ದಕ್ಕಿಂತ 700 ಟನ್ನಿಗೂ ಮಿಕ್ಕಿ ಏರಿ, ಆ ಎತ್ತರ ಸುಮಾರು ಆರೂವರೆ ಅಡಿಗೆ ಇಳಿಯಿತು. ಸಾಲದ್ದಕ್ಕೆ ಎತ್ತರದ ಹಾಯಿಕಂಬಗಳು ಬೇರೆ. ನೌಕಾಪಡೆಯ ಮುಖ್ಯ ವಿನ್ಯಾಸಕಾರ ಎಡ್ವರ್ಡ್ ರೀಡ್ ಈ ವಿನ್ಯಾಸವನ್ನು ವಿರೋಧಿಸಿದ್ದ. ಜುಲೈ ಕೊನೆಗೆ ಹಡಗನ್ನು ವಾಲಿಸಿ ಪರೀಕ್ಷಿಸಿದರು. ಗೊತ್ತಿರುವ ತೂಕವನ್ನು ಡೆಕ್ಕಿನ ಒಂದು ಬದಿಗೆ ಸರಿಸಿ ಹಡಗು ಎಷ್ಟು ಓರೆಯಾಯಿತೆಂದು ಅಳೆದರೆ, ಅದರ ಗುರುತ್ವಕೇಂದ್ರ ಎಷ್ಟು ಎತ್ತರದಲ್ಲಿದೆ ಎಂದು ಲೆಕ್ಕ ಹಾಕಬಹುದು. ಲೆಕ್ಕ ಮುಗಿಯುವಷ್ಟರಲ್ಲಿ ಹಡಗು ಹೊರಟೇ ಹೋಗಿತ್ತು. ಸುಮಾರು 21 ಡಿಗ್ರಿಗಿಂತ ಹೆಚ್ಚು ವಾಲಿದರೆ ಮತ್ತೆ ನೆಟ್ಟಗಾಗುವ ಅದರ ಶಕ್ತಿ ಕುಗ್ಗುತ್ತಾ ಹೋಗುತ್ತದೆ ಎಂದು ಆ ಲೆಕ್ಕ ಹೇಳುತ್ತಿತ್ತು. ಸೆಪ್ಟೆಂಬರ್ 7ರ ನಸುಕಿಗೆ ಮುಂಚೆ, ಸ್ಪೇನಿನ ಫಿನಿಸ್ಟರ್ ಭೂಶಿರದಾಚೆ, ಬಿರುಗಾಳಿಗೆ ಹಡಗು ಮಗುಚಿತು. ಸತ್ತವರು 450ಕ್ಕೂ ಹೆಚ್ಚು. ಕೋಲ್ಸ್ ಕೂಡ ಅವರಲ್ಲೊಬ್ಬ.

ಈಗಿನವರು ಮೊದಲೇ ಒಂದಿಷ್ಟು ತೂಕವನ್ನು ಯಾವ ಬಾಬ್ತಿಗೂ ಬರೆಯದೆ ಎತ್ತಿಡುತ್ತಾರೆ. ಅದಕ್ಕೆ ಮಾರ್ಜಿನ್ ಎನ್ನುತ್ತಾರೆ. ತೀರಾ ಕಡಿಮೆ ಇಟ್ಟರೆ ಅಪಾಯ, ಅತಿಯಾಗಿ ಇಟ್ಟರೆ ಹಡಗು ಸುಮ್ಮನೆ ಬೆಳೆದು ದುಬಾರಿಯಾಗುತ್ತದೆ. ನನ್ನ ಪ್ರಕಾರ ಎಷ್ಟಿಡಬೇಕು ಎನ್ನುವುದಕ್ಕಿಂತ, ಇಟ್ಟದ್ದನ್ನು ಕಾಯುವುದೇ ಕಷ್ಟ. ಹೊಸ ರಾಡಾರ್ ಬೇಕೆನ್ನುವವರಿಗೂ ಇನ್ನೊಂದು ಕ್ಷಿಪಣಿ ಬೇಕೆನ್ನುವವರಿಗೂ ಅದು ಖಾಲಿ ಬಿದ್ದ ಜಾಗದಂತೆಯೇ ಕಾಣುತ್ತದೆ.

ಜಲಾಂತರ್ಗಾಮಿಯಲ್ಲಿ ಈ ಲೆಕ್ಕ ಇನ್ನೂ ನಿಷ್ಠುರ. ಮೇಲೆ ತೇಲುವ ಹಡಗು ಭಾರವಾದರೆ ನಾಲ್ಕು ಬೆರಳು ಕೆಳಗಿಳಿದು ಸುಧಾರಿಸಿಕೊಳ್ಳಬಹುದು. ಪೂರ್ತಿ ಮುಳುಗಿದ ಒಡಲು ಸರಿಸಬಲ್ಲ ನೀರು ಅಷ್ಟೇ. ಹೆಚ್ಚು ಬೇಕೆಂದರೆ ಒಡಲನ್ನೇ ಬೆಳೆಸಬೇಕು. ಸ್ಪೇನಿನ ಎಸ್-80 ಜಲಾಂತರ್ಗಾಮಿಗಳು 75ರಿಂದ 100 ಟನ್ ಹೆಚ್ಚು ಭಾರವಾಗಿವೆ ಎಂಬ ಸುದ್ದಿ 2013ರಲ್ಲಿ ಹೊರಬಿತ್ತು. ವಿನ್ಯಾಸ ತಿದ್ದಿದಾಗ ಉದ್ದ 71 ಮೀಟರಿನಿಂದ ಸುಮಾರು 81ಕ್ಕೆ ಏರಿತು. ಆಮೇಲೆ ನೋಡಿದರೆ ಕಾರ್ಟಹೆನಾ ನೌಕಾನೆಲೆಯ ಹಡಗುಕಟ್ಟೆ ಆ ಉದ್ದಕ್ಕೆ ಸಾಲುತ್ತಿರಲಿಲ್ಲ! ಸರಣಿಯ ಮೊದಲ ನೌಕೆ ‘ಇಸಾಕ್ ಪೆರಾಲ್’ ನೌಕಾಪಡೆಯ ಕೈಸೇರಿದ್ದು 2023ರ ನವೆಂಬರಿನಲ್ಲಿ.