ಹಳೆಯ ಕೋಡ್ ತೆರೆದರೆ ಬರೀ ಕಪ್ಪು ವಜ್ರಗಳು: ಫೈಲ್ ಕೆಟ್ಟಿದೆಯಾ?

ಓದುಗರ ಪ್ರಶ್ನೆ: ನಮ್ಮ ಟೀಮಿಗೆ ಜಪಾನಿನ ಕ್ಲೈಂಟ್ ಕಡೆಯಿಂದ 1990ರ ದಶಕದ ಸಿ ಪ್ಲಸ್ ಪ್ಲಸ್ ಕೋಡ್ ಬಂದಿದೆ. ವಿಎಸ್ ಕೋಡ್‌ನಲ್ಲಿ ತೆರೆದರೆ ಕೋಡ್ ಸರಿಯಾಗಿಯೇ ಕಾಣುತ್ತದೆ. ಕಾಮೆಂಟ್‌ಗಳ ಜಾಗದಲ್ಲಿ ಮಾತ್ರ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಕಳಿಸುವಾಗ ಫೈಲ್ ಕೆಟ್ಟಿರಬಹುದಾ? ಮತ್ತೆ ತರಿಸಿಕೊಳ್ಳಬೇಕಾ?

ಉತ್ತರ: ಬೇಡ, ಬಹುಶಃ ಫೈಲ್ ಚೆನ್ನಾಗಿಯೇ ಇದೆ. ಆದರೆ ಒಂದು ಕೆಲಸ ಮಾಡಬೇಡಿ. ಆ ವಜ್ರಗಳು ಕಾಣುತ್ತಿರುವಾಗ ಸೇವ್ ಒತ್ತಬೇಡಿ.

ಫೈಲ್ ಒಳಗಿರುವುದು ಬರೀ ಬೈಟ್‌ಗಳು. ಅವನ್ನು ಯಾವ ಎನ್‌ಕೋಡಿಂಗ್‌ನಲ್ಲಿ (ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಪಟ್ಟಿ) ಓದಬೇಕು ಅಂತ ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ಎಲ್ಲೂ ಬರೆದಿರುವುದಿಲ್ಲ. ವಿಎಸ್ ಕೋಡ್ ಬೇರೆ ಏನೂ ಹೇಳದಿದ್ದರೆ ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಎನ್‌ಕೋಡಿಂಗ್ ಅಂತಲೇ ಹಿಡಿಯುತ್ತದೆ. ಇಂಗ್ಲಿಷ್ ಅಕ್ಷರ, ಅಂಕಿ, ಆವರಣಗಳೆಲ್ಲ ಆಸ್ಕಿ ಎಂಬ ಹಳೆಯ ಇಂಗ್ಲಿಷ್ ಪಟ್ಟಿಯ 128 ಸಂಖ್ಯೆಗಳೊಳಗೆ ಬರುತ್ತವೆ. ಹಳೆಯ ಎನ್‌ಕೋಡಿಂಗ್, ಹೊಸದು ಎರಡರಲ್ಲೂ ಅವು ಹೆಚ್ಚುಕಡಿಮೆ ಒಂದೇ. ಹಾಗಾಗಿ ಕೋಡ್ ಸರಿ ಕಾಣುತ್ತದೆ. ಜಪಾನಿ ಅಕ್ಷರಗಳ ಬೈಟ್‌ಗಳು ಯುಟಿಎಫ್-8ರ ನಿಯಮಕ್ಕೆ ಹೊಂದುವುದಿಲ್ಲ, ಅಲ್ಲಿ ಎಡಿಟರ್ ಕೈಚೆಲ್ಲಿ ವಜ್ರ ತೋರಿಸುತ್ತದೆ. ತೆರೆಯ ಮೇಲಷ್ಟೇ ಇದ್ದರೆ ತೊಂದರೆ ಇಲ್ಲ. ಸೇವ್ ಆದರೆ ಪ್ರತಿ ವಜ್ರವೂ 239, 191, 189 ಎಂಬ ಮೂರು ಬೈಟ್‌ಗಳಾಗಿ ಫೈಲ್‌ನಲ್ಲಿ ಕೂರುತ್ತದೆ. ಅಲ್ಲಿ ಮೊದಲು ಏನಿತ್ತು ಅಂತ ಆಮೇಲೆ ಯಾರೂ ಹೇಳಲಾರರು.

ವಿಎಸ್ ಕೋಡ್‌ನಲ್ಲಿ ಕೆಳಗೆ ಬಲಗಡೆ ಯುಟಿಎಫ್-8 ಅಂತ ಕಾಣುತ್ತದಲ್ವಾ, ಅದನ್ನು ಕ್ಲಿಕ್ ಮಾಡಿ. ‘ರೀಓಪನ್ ವಿತ್ ಎನ್‌ಕೋಡಿಂಗ್’ ಆರಿಸಿ, ಶಿಫ್ಟ್ ಜಿಸ್ (ಜಪಾನಿ ಭಾಷೆಯ ಹಳೆಯ ಎನ್‌ಕೋಡಿಂಗ್) ಕೊಡಿ. ಪಕ್ಕದಲ್ಲೇ ಇರುವ ‘ಸೇವ್ ವಿತ್ ಎನ್‌ಕೋಡಿಂಗ್’ ಮುಟ್ಟಬೇಡಿ, ಅದು ಬೈಟ್‌ಗಳನ್ನೇ ಬದಲಿಸುತ್ತದೆ.

ಶಿಫ್ಟ್ ಜಿಸ್ ಅಂತ ಹೇಗೆ ಗೊತ್ತು? ಊಹೆಯೇ, ಆದರೆ ಸಾಕ್ಷಿ ಇರುವ ಊಹೆ. ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ ನೋಡಿ, ಅದು ಬೈಟ್‌ಗಳನ್ನು 16ರ ಆಧಾರದ ಸಂಖ್ಯೆಗಳಾಗಿ ತೋರಿಸುತ್ತದೆ. ಕಾಮೆಂಟ್‌ಗಳಲ್ಲಿ ಒಂದು ಬಿಟ್ಟು ಒಂದರಂತೆ 82 ಮತ್ತು 83 ಜಾಸ್ತಿ ಬಂದರೆ ಶಿಫ್ಟ್ ಜಿಸ್. ಅದರಲ್ಲಿ ಜಪಾನಿಯ ಎರಡು ಉಚ್ಚಾರಣಾ ಲಿಪಿಗಳ ಪೈಕಿ ಹಿರಗಾನ ಅಕ್ಷರಗಳು 82ರಿಂದ, ಕಟಕಾನ 83ರಿಂದ ಶುರುವಾಗುತ್ತವೆ. ಅದೇ ಜಾಗದಲ್ಲಿ ಎ4, ಎ5 ಕಂಡರೆ ಇಯುಸಿ-ಜೆಪಿ ಎಂಬ ಇನ್ನೊಂದು ಜಪಾನಿ ಎನ್‌ಕೋಡಿಂಗ್, ಅಂದರೆ ಕೋಡ್ ಯುನಿಕ್ಸ್ ಕಡೆಯಿಂದ ಬಂದಿರಬಹುದು. ಕೆಲವರು ಲ್ಯಾಟಿನ್-1ರಲ್ಲಿ (ಪಶ್ಚಿಮ ಯುರೋಪಿನ ಭಾಷೆಗಳ ಎನ್‌ಕೋಡಿಂಗ್) ತೆರೆದು, ‘ಎರರ್ ಬರಲಿಲ್ಲ, ಇದೇ ಸರಿ’ ಅನ್ನುತ್ತಾರೆ. ಲ್ಯಾಟಿನ್-1 ಯಾವ ಬೈಟನ್ನೂ ಬೇಡ ಅನ್ನುವುದಿಲ್ಲ, ಫೋಟೋ ಫೈಲ್ ಕೊಟ್ಟರೂ ಸುಮ್ನೆ ಓದಿಬಿಡುತ್ತದೆ. ಅದರ ಒಪ್ಪಿಗೆಗೆ ಬೆಲೆ ಇಲ್ಲ. ಯುಟಿಎಫ್-8ರ ಒಪ್ಪಿಗೆಗೆ ಬೆಲೆ ಇದೆ. ಬೇರೆ ಎನ್‌ಕೋಡಿಂಗ್‌ನ ಉದ್ದದ ಪಠ್ಯ ಅದರ ಪರೀಕ್ಷೆಯಲ್ಲಿ ಆಕಸ್ಮಿಕವಾಗಿ ಪಾಸಾಗುವುದು ತೀರಾ ಅಪರೂಪ.

ಕಾಮೆಂಟ್ ತಾನೇ, ಓದಲಾಗದಿದ್ದರೆ ಬಿಡಿ ಅನ್ನುವ ಹಾಗೂ ಇಲ್ಲ. ಶಿಫ್ಟ್ ಜಿಸ್‌ನಲ್ಲಿ ಒಂದು ಕಾಂಜಿಗೆ (ಚೀನಾ ಮೂಲದ ಜಪಾನಿ ಅಕ್ಷರ) ಎರಡು ಬೈಟ್. ಎರಡನೆಯದು ಕೆಲವೊಮ್ಮೆ ಆಸ್ಕಿಯ ಸಂಖ್ಯೆಯೇ ಆಗಿರುತ್ತದೆ. ‘ಪಟ್ಟಿ’ ಎಂಬ ಅರ್ಥದ, ‘ಹ್ಯೋ’ ಅಂತ ಓದುವ ಕಾಂಜಿಯನ್ನೇ ತೆಗೆದುಕೊಳ್ಳಿ. ಅದರ ಬೈಟ್‌ಗಳು, ಈ ಸಲ ಮಾಮೂಲಿ ದಶಮಾನ ಲೆಕ್ಕದಲ್ಲಿ, 149 ಮತ್ತು 92. ಆಸ್ಕಿಯಲ್ಲಿ 92 ಅಂದರೆ ಬ್ಯಾಕ್‌ಸ್ಲ್ಯಾಶ್! ಎರಡು ಓರೆಗೆರೆ ಹಾಕಿ ಬರೆದ ಕಾಮೆಂಟ್ ಈ ಅಕ್ಷರದಲ್ಲಿ ಮುಗಿದರೆ, ಶಿಫ್ಟ್ ಜಿಸ್ ಗೊತ್ತಿಲ್ಲದ ಕಂಪೈಲರ್‌ಗೆ ಸಾಲಿನ ಕೊನೆಯಲ್ಲಿ ಬ್ಯಾಕ್‌ಸ್ಲ್ಯಾಶ್ ಕಾಣುತ್ತದೆ. ಸಾಲಿನ ಕೊನೆಯ ಬ್ಯಾಕ್‌ಸ್ಲ್ಯಾಶ್ ಮುಂದಿನ ಸಾಲನ್ನೂ ಇದಕ್ಕೇ ಸೇರಿಸಿ ಎಂಬ ಸೂಚನೆ. ಮುಂದಿನ ಸಾಲಿನಲ್ಲಿ ಒಟ್ಟು ಮೊತ್ತವನ್ನು ಸೊನ್ನೆ ಮಾಡುವ ಕೋಡ್ ಇದ್ದರೆ ಅದೂ ಕಾಮೆಂಟ್ ಆಗಿ ಹೋಯಿತು, ಕಂಪೈಲರ್ ಅದನ್ನು ಕಡೆಗಣಿಸುತ್ತದೆ. ಪ್ರೋಗ್ರಾಂ ಕಂಪೈಲ್ ಆಗುತ್ತದೆ, ಓಡುತ್ತದೆ, ಲೆಕ್ಕ ಮಾತ್ರ ತಪ್ಪು. ಜಪಾನಿ ವಿಂಡೋಸ್‌ನಲ್ಲಿ ಸರಿ ಇದ್ದದ್ದು ಲಿನಕ್ಸ್‌ಗೆ ಬಂದು ಹೀಗಾದರೆ ಹುಡುಕಿ ಸಾಯಬೇಕು. ಜಿಸಿಸಿ ಕಂಪೈಲರ್‌ನಲ್ಲಿ ವಾರ್ನಿಂಗ್ ಆನ್ ಮಾಡಿದ್ದರೆ ‘ಮಲ್ಟಿ-ಲೈನ್ ಕಾಮೆಂಟ್’ ಅಂತ ಗೊಣಗುತ್ತದೆ, ಅದನ್ನು ಅಲಕ್ಷ್ಯ ಮಾಡಬೇಡಿ. ಫೈಲ್ ಯಾವ ಎನ್‌ಕೋಡಿಂಗ್‌ನಲ್ಲಿದೆ ಅಂತ ಹೇಳುವ ಅದರ ಇನ್‌ಪುಟ್ ಚಾರ್‌ಸೆಟ್ ಆಯ್ಕೆಯಲ್ಲಿ ಸಿಪಿ932 ಕೊಟ್ಟರೆ ಸಮಸ್ಯೆಯೇ ಬರುವುದಿಲ್ಲ.

ಸಿಪಿ932 ಅಂದರೆ ಶಿಫ್ಟ್ ಜಿಸ್‌ನ ಮೈಕ್ರೋಸಾಫ್ಟ್ ರೂಪ. ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ ಎಂಬ ಟೂಲ್ ಬಳಸಿ ಯುಟಿಎಫ್-8ಕ್ಕೆ ಬದಲಿಸುವಾಗಲೂ ಇದೇ ಹೆಸರು ಕೊಡಿ. ಜಪಾನಿನ ಹಳೆಯ ಮಾನಕದಲ್ಲಿ 92ನೇ ಜಾಗ ಯೆನ್ ಚಿಹ್ನೆಯದು. ಬರೀ ಶಿಫ್ಟ್ ಜಿಸ್ ಅಂದರೆ ಕೆಲವು ಪರಿವರ್ತಕಗಳು ಕೋಡ್‌ನ ಬ್ಯಾಕ್‌ಸ್ಲ್ಯಾಶ್‌ಗಳನ್ನೆಲ್ಲ ಯೆನ್ ಮಾಡಿಬಿಡುತ್ತವೆ. ವೃತ್ತದೊಳಗಿನ ಅಂಕಿಗಳು ಕಾಮೆಂಟ್‌ಗಳಲ್ಲಿ ಬೇಕಾದಷ್ಟು ಇರುತ್ತವೆ, ಅವೂ ಇರುವುದು ಸಿಪಿ932ರಲ್ಲೇ. ಬದಲಿಸಿದ್ದನ್ನು ವಾಪಸ್ ಸಿಪಿ932ಕ್ಕೆ ತಂದು ಮೂಲದ ಜೊತೆ ಬೈಟ್ ಬೈಟ್ ಹೋಲಿಸಿ. ವ್ಯತ್ಯಾಸ ಕಂಡ ಸಾಲನ್ನು ಕಣ್ಣಾರೆ ನೋಡಿ.

ಕೋಟ್ಸ್ ಒಳಗಿನ ಪಠ್ಯದ ಬಗ್ಗೆ ಇನ್ನೂ ಎಚ್ಚರ ಬೇಕು. ಅಲ್ಲಿ ಎರಡು ಬೈಟ್ ಇದ್ದ ಕಾಂಜಿ ಯುಟಿಎಫ್-8ರಲ್ಲಿ ಸಾಮಾನ್ಯವಾಗಿ ಮೂರಾಗುತ್ತದೆ. 20 ಬೈಟ್ ಅಳತೆಯ ಜಾಗಕ್ಕೆ 10 ಕಾಂಜಿ ತುಂಬಿದ್ದರೆ ಈಗ 30 ಬೇಕು. ಪ್ರಿಂಟರಿಗೋ ಬೇರೆ ಸಿಸ್ಟಮ್‌ಗೋ ಹೋಗುವ ಪಠ್ಯವಾದರೆ, ಪಡೆಯುವ ಕಡೆಯವರು ಏನು ನಿರೀಕ್ಷಿಸುತ್ತಾರೆ ಅಂತ ಕ್ಲೈಂಟನ್ನೇ ಕೇಳಿ. ಎನ್‌ಕೋಡಿಂಗ್ ಬದಲಾವಣೆಯನ್ನು ಬೇರೆ ಯಾವ ತಿದ್ದುಪಡಿಯ ಜೊತೆಗೂ ಬೆರೆಸದೆ ಒಂದೇ ಕಮಿಟ್ ಆಗಿ ಇಡಿ.

ಕನ್ನಡದ ನುಡಿ ತಂತ್ರಾಂಶದಲ್ಲಿ ಬರೆದ ಹಳೆಯ ಫೈಲ್‌ಗೂ ಇದೇ ದಾರಿಯಾ ಅಂತ ಯಾರಾದರೂ ಕೇಳಬಹುದು. ಅಲ್ಲ. ಅದರಲ್ಲಿ ಅಕ್ಷರದ ಬದಲು ಅಕ್ಷರದ ತುಂಡುಗಳಿಗೆ ಸಂಖ್ಯೆ ಕೊಟ್ಟಿದ್ದಾರೆ. ‘ಕ’ದ ಒಂದು ತುಂಡು ಇಂಗ್ಲಿಷಿನ ಪಿ ಜಾಗದಲ್ಲಿದೆ. ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಆ ‘ರ’ ಮೊದಲು ಬರಬೇಕು. ಇಲ್ಲಿ ಐಕಾನ್ವ್ ಕೈಲಿ ಏನೂ ಆಗುವುದಿಲ್ಲ. ಆಸ್ಕಿಯಿಂದ ಯೂನಿಕೋಡ್‌ಗೆ ಅಂತಲೇ ಮಾಡಿದ ಪರಿವರ್ತಕ ಬೇಕು, ಅದಕ್ಕೆ ಕೋಡ್ ಬಿಟ್ಟು ಕನ್ನಡದ ಭಾಗ ಮಾತ್ರ ಕೊಡಬೇಕು. ಇಡೀ ಫೈಲ್ ಕೊಟ್ಟರೆ ನಿಮ್ಮ ವೇರಿಯಬಲ್ ಹೆಸರುಗಳೂ ಕನ್ನಡವಾಗುತ್ತವೆ.